ಅವ್ವ ಎಡೆ ಇಡದ ಮಗಳು

ಸುನಂದಮ್ಮನಿಗೆ ಸಾಕುಸಾಕಾಗಿಹೋಗಿತ್ತು. ಮೊಣಕಾಲು ನೋವು, ಕಚೇರಿಯ ಬೆಂಚು, ನಿಂತುಕೊಂಡೇ ಬಂದ ಬಸ್ಸು, ಎಲ್ಲ ಸೇರಿ ಅವಳನ್ನು ಹಿಂಡಿ ಹಿಪ್ಪೆ ಮಾಡಿದ್ದವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ಟಿಕೆಟ್ ಕೊಡುತ್ತಾರೆ, ಸರಿ. ಕೂರುವುದಕ್ಕೆ ಸೀಟು ಯಾರು ಕೊಡುತ್ತಾರೆ? ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಊರಿನ ಆಟೊ ಹುಡುಕುವ ಶಕ್ತಿಯೂ ಇಲ್ಲದೆ ಬಾಳೆಹಣ್ಣಿನ ಅಂಗಡಿ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತಳು.

ಅರ್ಧ ಆಯಸ್ಸನ್ನು ಅಂಗನವಾಡಿಯ ಸಹಾಯಕಿಯಾಗಿ ಕಳೆದವಳು ಅವಳು. ಬೇರೆಯವರ ಮಕ್ಕಳಿಗೆ ಅನ್ನ ಸಾರು ಬೇಯಿಸಿದ್ದಾಳೆ, ಸಿಂಬಳ ಒರೆಸಿದ್ದಾಳೆ, ತೂಕ ನೋಡುವ ಜೋಲಿಗೆ ಎತ್ತಿ ಕೂರಿಸಿದ್ದಾಳೆ. ಊರಿನ ಯಾವ ಕೂಸು ಯಾವ ತಿಂಗಳು ಹುಟ್ಟಿತೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಅಂಥವಳು ಈಗ, ಐವತ್ತೆಂಟು ತುಂಬಿದ ಮೇಲೆ, ತನ್ನ ಜೊತೆಯಲ್ಲೇ ಹುಟ್ಟಿದ ಕೂಸು ಏನಾಯಿತು ಎಂದು ಊರೂರು ಅಲೆಯುತ್ತಿದ್ದಳು.

ಇದಕ್ಕೆಲ್ಲ ಕಾರಣ ಗಂಡ ಪುಟ್ಟಸ್ವಾಮಿ ಆಡಿದ ಒಂದು ಮಾತು. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬಂದದ್ದನ್ನು ಒಂದು ಗಳಿಗೆ ತಡೆದಿಟ್ಟುಕೊಂಡು ಗೊತ್ತಿಲ್ಲ. ಸುನಂದಮ್ಮನ ತಾಯಿ ಚಿಕ್ಕತಾಯಮ್ಮ ಹೋದ ವರ್ಷ ಆಷಾಢದಲ್ಲಿ ಇವರ ಮನೆಯಲ್ಲೇ ತೀರಿಕೊಂಡಿದ್ದಳು. ವರ್ಷ ತುಂಬದೆ ಎಡೆ ಇಡುವ ಹಾಗಿಲ್ಲವೆಂದು ಹೋದ ಸಲದ ಪಕ್ಷದ ಹಬ್ಬದಲ್ಲಿ ಅವಳ ಹೆಸರು ಎತ್ತಿರಲಿಲ್ಲ. ಈ ಸಲ ಎತ್ತಲೇಬೇಕು. ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಪುಟ್ಟಸ್ವಾಮಿ ಊಟಕ್ಕೆ ಕೂತವನು, "ಈ ವರ್ಸ ನಿಮ್ಮವ್ವಂಗೆ ಮೊದಲ್ನೇ ಎಡೆ ಕಣಮ್ಮಿ. ಸೀರೆ ತರಾಕೆ ಓದಾಗ ನಿನ್ ಜೊತೆ ಉಟ್ಟಿದ್ ಮಗಿಗೂ ಒಂದ್ ಲಂಗದ ಬಟ್ಟೆ ತಂದ್ಬುಡು. ಇನ್ಮೇಲೆ ಆ ಮನೇರ ಎಡೆಯೆಲ್ಲ ನಿಂದೇ ಅಲ್ವಾ" ಅಂದ.

ಸುನಂದಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವ್ವ ಆ ಮಗುವಿಗೆ ಎಂದೂ ಎಡೆ ಇಟ್ಟಿರಲಿಲ್ಲ.

ಈ ಸೀಮೆಯ ಒಕ್ಕಲು ಮನೆಗಳಲ್ಲಿ ಪಕ್ಷದ ಹಬ್ಬವೆಂದರೆ ಸತ್ತವರ ಹಬ್ಬ. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಬಾಳೆ ಎಲೆ ಹಾಸಿ, ಹೊಸ ಬಟ್ಟೆ ಇಟ್ಟು, ಬದುಕಿದ್ದಾಗ ಅವರು ಬಯಸಿ ತಿನ್ನುತ್ತಿದ್ದುದನ್ನು ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಚಿಕ್ಕತಾಯಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅತ್ತೆ ಮಾವನಿಗೆ ಇಟ್ಟಳು, ಗಂಡನಿಗೆ ಇಟ್ಟಳು. ಮೂರು ತಿಂಗಳಿಗೇ ಕಣ್ಣು ಮುಚ್ಚಿದ ಗಂಡುಕೂಸಿಗೆ ಅಂಗೈಯಗಲದ ಅಂಗಿ, ಒಂದು ಬಟ್ಟಲು ಹಾಲು ಇಟ್ಟಳು. ಹಿಂದುಮುಂದಿಲ್ಲದೆ ಸತ್ತ ಆಳು ಕುಳ್ಳಯ್ಯನಿಗೂ ಒಂದು ಟವೆಲ್ಲು, ಒಂದು ಕಟ್ಟು ಬೀಡಿ ಇಡುವುದನ್ನು ತಪ್ಪಿಸಲಿಲ್ಲ. ಅವಳಿಯಲ್ಲಿ ಸತ್ತಿತೆಂದು ಊರೆಲ್ಲ ಹೇಳುತ್ತಿದ್ದ ಹೆಣ್ಣುಕೂಸಿಗೆ ಮಾತ್ರ ಒಂದು ಎಲೆಯ ತುಂಡನ್ನೂ ಹಾಸಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಸುನಂದಮ್ಮ ಒಂದು ಸಲ ಕೇಳಿದ್ದುಂಟು. "ಅದರ ಸುದ್ದಿ ನಿಂಗ್ಯಾಕೆ? ಎಲೆ ತೊಳಿ ಓಗು" ಎಂದು ಅವ್ವ ಗದರಿದ್ದಳು.

ಹಾಗಾದರೆ ಆ ಕೂಸು ಸತ್ತಿತೋ, ಇಲ್ಲವೋ? ಸತ್ತಿದ್ದರೆ ಇಷ್ಟು ವರ್ಷ ಅದು ಬಾಗಿಲಿಗೆ ಬಂದು ಹಸಿದುಕೊಂಡು ವಾಪಸ್ ಹೋಗಿದೆ. ಇನ್ನು ಮೇಲೂ ಹೋಗುತ್ತದೆ, ಆ ಪಾಪ ಸುನಂದಮ್ಮನದು. ಒಂದು ವೇಳೆ ಎಲ್ಲೋ ಬದುಕಿದ್ದರೆ? ಬದುಕಿರುವವರ ಹೆಸರಿನಲ್ಲಿ ಎಡೆ ಇಡುವುದು ಅವರ ಆಯಸ್ಸನ್ನು ಕೈಯಾರೆ ಕಿತ್ತ ಹಾಗೆ. ಇಡುವುದೋ ಬಿಡುವುದೋ, ಅಮಾವಾಸ್ಯೆಯೊಳಗೆ ಗೊತ್ತಾಗಲೇಬೇಕಿತ್ತು.

ಮೊದಲು ಬೆಟ್ಟದಪುರಕ್ಕೆ ಹೋದಳು. ಅದು ಅವ್ವನ ತವರು, ಚೊಚ್ಚಲ ಹೆರಿಗೆ ಆದದ್ದು ಅಲ್ಲೇ. ಹೊಗೆಸೊಪ್ಪು ಬೇಯಿಸುವ ಕಾಲ. ಊರಿಗೆ ಊರೇ ಸೊಪ್ಪು ಒಣಗಿಸುವ ಬ್ಯಾರನ್ ಗೂಡುಗಳ ಮುಂದೆ ಸೌದೆ ತಳ್ಳುತ್ತಾ ಕೂತಿತ್ತು. ಸೋದರಮಾವನ ಮಗ ಮಹದೇವಯ್ಯ ಉರಿಯಿಂದ ಕಣ್ಣು ತೆಗೆಯದೆ, "ಸತ್ತೋಯ್ತು ಅಂತ ಕೇಳಿದ್ದೆ ಕಣಕ್ಕ. ಎಲ್ಲಿ ಮಣ್ಣು ಮಾಡುದ್ರು ಅಂತ ಯಾರ್ನ ಕೇಳಾದು? ಎತ್ತಾಡಿಸ್ದೋರೆಲ್ಲ ಮಣ್ಣಾದ್ರು. ಕಾಪಿ ಕುಡ್ಕೊಂಡು ಓಗು" ಅಂದ. ಅವನ ತಪ್ಪೇನಿಲ್ಲ. ಆಗ ಅವನಿನ್ನೂ ಹುಟ್ಟಿರಲಿಲ್ಲ.

ಆಮೇಲೆ ಕಚೇರಿಗಳು ಶುರುವಾದವು. ಹಳೆಯ ಜನನ ಮರಣದ ಪುಸ್ತಕಗಳು ಇಲ್ಲಿವೆ ಎಂದು ಒಬ್ಬರು, ಇಲ್ಲಲ್ಲ ಅಲ್ಲಿವೆ ಎಂದು ಇನ್ನೊಬ್ಬರು. ಕೊನೆಗೆ ಒಂದು ಕಡೆ ಕನ್ನಡಕದ ಹುಡುಗಿಯೊಬ್ಬಳು ಅರ್ಜಿ ತೆಗೆದುಕೊಂಡು, "ಮಗುವಿನ ಹೆಸರೇನಮ್ಮ?" ಎಂದಳು.

"ಎಸ್ರು ಮಡಗಕ್ ಮುಂಚೇನೇ ಓದದ್ದು ಅಂತಾರೆ ಕಣವ್ವ."

"ಹುಟ್ಟಿದ ದಿನ?"

"ಒಸಾ ರಾಗಿ ಮನೆಗ್ ಬಂದಿತ್ತಂತೆ."

ಹುಡುಗಿ ನಗಲಿಲ್ಲ, ಬಯ್ಯಲೂ ಇಲ್ಲ. ಅಷ್ಟಕ್ಕೇ ಸುನಂದಮ್ಮ ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಹುಡುಕಿಸುವುದಕ್ಕೆ ಸಮಯ ಬೇಕು, ಬೇರೆ ಕೆಲಸಗಳೂ ಇವೆ, ಮತ್ತೆ ಬನ್ನಿ ಅಂದಳು. ಹೋದಳು. ಮತ್ತೂ ಬನ್ನಿ ಅಂದಳು. ಮತ್ತೂ ಹೋದಳು. ಹೀಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಇವತ್ತು ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತ್ತು. ಡಿಸೆಂಬರ್ ತಿಂಗಳು, ಅಪ್ಪನ ಹೆಸರು ಸರಿ, ಅವ್ವನ ಹೆಸರು ಸರಿ, ಹೆಣ್ಣು. ಒಂದೇ ಒಂದು ಹೆಣ್ಣು.

"ಇದು ನಾನೋ, ಅವಳೋ?" ಎಂದು ಕೇಳಿದಳು ಸುನಂದಮ್ಮ.

"ನಿಮ್ಮ ಹುಟ್ಟಿದ ದಿನ ಯಾವುದಮ್ಮ?"

"ಜೂನ್ ಒಂದು. ಆಧಾರಲ್ಲೂ ಅದೇ ಐತೆ."

ಹುಡುಗಿ ಈಗ ಸ್ವಲ್ಪ ನಕ್ಕಳು. "ನಿಮ್ಮ ವಯಸ್ಸಿನ ಹಳ್ಳಿಯವರದೆಲ್ಲ ಜೂನ್ ಒಂದೇ ಬಿಡಿ ಅಮ್ಮ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿರ್ತಾರೆ."

ಸುನಂದಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ, ತಂಗಿಯನ್ನೋ ಅಕ್ಕನನ್ನೋ ಹುಡುಕಿಕೊಂಡು ಬಂದರೆ ತಾನು ಹುಟ್ಟಿದ್ದಕ್ಕೇ ಗುರುತಿಲ್ಲ! ಸತ್ತವರ ಪುಸ್ತಕದಲ್ಲೂ ಏನೂ ಇರಲಿಲ್ಲ. ಎಳೆಗೂಸು ಸತ್ತರೆ ಮನೆಯವರು ಹೋಗಿ ಬರೆಸುವ ಕಾಲ ಅದಾಗಿರಲಿಲ್ಲ, ಹಾಗಾಗಿ ಅದರಲ್ಲಿ ಇಲ್ಲದ ಮಾತ್ರಕ್ಕೆ ಬದುಕಿದೆ ಎನ್ನಲಾಗದು ಎಂದು ಹುಡುಗಿ ಬಿಡಿಸಿ ಹೇಳಿದಳು. ಮರಣದ ದಾಖಲೆ ದೊರೆತಿಲ್ಲವೆಂದು ಒಂದು ಹಿಂಬರಹವನ್ನೂ ಸೀಲು ಹಾಕಿ ಕೊಟ್ಟಳು. ಅದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಸುನಂದಮ್ಮ ಈಗ ಬಾಳೆಹಣ್ಣಿನ ಅಂಗಡಿ ಪಕ್ಕ ಕೂತಿದ್ದಳು.

ಮನೆ ಸೇರಿದಾಗ ಪುಟ್ಟಸ್ವಾಮಿ ಗದ್ದೆಗೆ ನೀರು ಕಟ್ಟಿ ಬಂದು ಜಗಲಿಯಲ್ಲಿ ಕಾಲು ಚಾಚಿದ್ದ. ಹೆಂಡತಿಯ ಮುಖ ನೋಡಿದವನೇ ತಾನೇ ಎದ್ದು ಕಾಫಿ ಕಾಸಿ ತಂದುಕೊಟ್ಟ. ಮದುವೆಯಾದಾಗಿನಿಂದ ಆ ಕೈ ಒಲೆ ಮುಟ್ಟಿದ್ದು ಬಲು ಅಪರೂಪ. ಸಕ್ಕರೆ ಹಾಕುವುದನ್ನೇ ಮರೆತಿದ್ದ, ಅವಳು ಹೇಳಲಿಲ್ಲ.

"ನಾನ್ ಆ ಮಾತೇ ಆಡಬಾರದಿತ್ತು" ಅಂದ. "ಬುಟ್ಬುಡು ಅತ್ಲಾಗೆ. ನಿಮ್ಮವ್ವ ಒಬ್ಬಳಿಗೆ ಮಡಗುದ್ರೆ ಸಾಕು."

"ಅಂಗೆ ಬುಡಕ್ಕಾಯ್ತದಾ? ಸತ್ತಿದ್ರೆ ಅದು ಯಾರ್ ಮನೆ ಬಾಗ್ಲಿಗೆ ಓಗ್ಬೇಕು, ಏಳಿ?"

ಪುಟ್ಟಸ್ವಾಮಿ ತಲೆ ಕೆರೆದುಕೊಂಡ. "ಎಳವಯ್ಯನ್ನ ಕೇಳು ಮತ್ತೆ. ವಂಶ ಏಳಾದೇ ಅವನ್ ಕಸುಬು."

ಹೆಳವರು ಎಂದರೆ ಮನೆತನದ ವಂಶ ಹೇಳುವವರು. ಸುಗ್ಗಿ ಮುಗಿದ ಮೇಲೆ ಒಕ್ಕಲು ಮನೆಗಳ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಇವತ್ತಿನ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ, ರಾಗಿಯೋ ಕಂಬಳಿಯೋ ಕೇಳಿ ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈಗ ಈ ಮನೆಗೂ ಸುನಂದಮ್ಮನ ಅಪ್ಪನ ಮನೆಗೂ ಹೆಳವನಾದ ನಟರಾಜು ಮೊಪೆಡ್ಡಿನಲ್ಲಿ ಬರುತ್ತಾನೆ. ಪುಟ್ಟಸ್ವಾಮಿಯ ಮೊಬೈಲಿನಲ್ಲಿ ಅವನ ನಂಬರಿತ್ತು. ಬಾಯಿ ಜೋರು, ಬಡಾಯಿ ಅದಕ್ಕಿಂತ ಜೋರು. ಸುನಂದಮ್ಮ ಫೋನಿನಲ್ಲಿ ತನ್ನ ಅಪ್ಪನ ಮನೆತನ ಕೇಳುತ್ತಿದ್ದಂತೆ ಅವನು ರಾಗ ಎತ್ತಿ ಮುತ್ತಜ್ಜನಿಂದ ಇಳಿದು ಬಂದು, "ಒಂದು ಗಂಡು, ಮೂರು ತಿಂಗಳು ಬಾಳಿತು, ಅಲ್ಲಿಗೆ ವಂಶ ನಿಂತಿತು ತಾಯಿ" ಎಂದು ಮುಗಿಸಿಯೇಬಿಟ್ಟ.

"ನಿಂತಿತು ಅಂತೀಯಲ್ಲಪ್ಪ, ಮಾತಾಡ್ತಾ ಇರೋ ನಾನ್ ಯಾರು?"

"ಎಣ್ಮಕ್ಕಳನ್ನ ನಾವು ಸೇರಿಸಲ್ಲ ತಾಯಿ. ಅವರು ಕೊಟ್ಟ ಮನೆಗೆ ಸೇರ್ದೋರು."

ಸುನಂದಮ್ಮನಿಗೆ ರೇಗಿತು. ಸರ್ಕಾರದ ಪುಸ್ತಕದಲ್ಲಿ ತಾನಿದ್ದೇನೋ ಇಲ್ಲವೋ ಗೊತ್ತಿಲ್ಲ, ಹೆಳವಯ್ಯನ ಬಾಯಲ್ಲಂತೂ ಇಲ್ಲವೇ ಇಲ್ಲ. ಫೋನು ಇಡಬೇಕೆಂದಿದ್ದಳು. ಅಷ್ಟರಲ್ಲಿ ಅವನೇ ಸ್ವಲ್ಪ ದನಿ ಇಳಿಸಿ, "ಒಂದ್ ದಾರಿ ಐತೆ ಕಣ್ರವ್ವ. ಕೂಸು ಬದುಕಿದ್ದು, ಮಕ್ಕಳಿಲ್ಲದ ಮನೆಗೆ ಓಗಿ, ಅಲ್ಲಿ ಮನೆ ಅಳಿಯನ್ನ ತಂದ್ಕೊಂಡಿದ್ರೆ, ಆಗ ಆ ಮನೆ ವಂಶ ಎಣ್ಣಿನ್ ಮೇಲೆ ನಡೀತದೆ. ಅಂಥದ್ದನ್ನ ಮಾತ್ರ ನಮ್ಮೋರು ಎಲ್ಲಿಂದ ತಂದ ಕೂಸು ಅಂತ ಕೇಳಿ ಸೇರಿಸ್ಕೋತಾರೆ. ಸುತ್ತಿನ ನಮ್ಮೋರನ್ನೆಲ್ಲ ವಿಚಾರಿಸ್ತೀನಿ. ಸಿಕ್ಕುದ್ರೆ ಒಂದ್ ಮೂಟೆ ರಾಗಿ, ಒಂದ್ ಕಂಬಳಿ" ಅಂದ. ಸಿಕ್ಕದಿದ್ದರೆ ಏನೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ ಫೋನು ಬಂತು. ಕೋಟೆ ತಾಲ್ಲೂಕಿನ ಕಡೆ ತಿರುಗುವ ನಟರಾಜುವಿನ ಚಿಕ್ಕಪ್ಪ ಹೇಳಿದ್ದಂತೆ: ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಿಂದ ಒಳಗೆ ಒಂದು ಊರು, ಅಲ್ಲೊಂದು ಮನೆತನ. ಗಂಡು ಸಂತಾನವಿಲ್ಲ. ಬೆಟ್ಟದಪುರ ಸೀಮೆಯಿಂದ ಅವಳಿಯಲ್ಲೊಂದು ಹೆಣ್ಣನ್ನು ತಂದು ಸಾಕಿದರು, ಮನೆ ಅಳಿಯನನ್ನು ತಂದರು. ಹೆಸರು ವಿಮಲಮ್ಮ.

"ಅವಳು ಇದ್ದಾಳಾ?" ಎಂದು ಕೇಳಿದಳು ಸುನಂದಮ್ಮ.

"ಅದ್ ಗೊತ್ತಿಲ್ಲ ಕಣ್ರವ್ವ. ಚಿಕ್ಕಪ್ಪ ಆ ಕಡೆಗೆ ಓಗಿ ಭಾಳ ವರ್ಸ ಆಯ್ತು."

ಮಾರನೆಯ ದಿನ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಹ್ಯಾಂಡ್‌ಪೋಸ್ಟ್‌ಗೆ ಇನ್ನೊಂದು ಬಸ್ಸು, ಆಮೇಲೆ ಆಟೊ. ಪುಟ್ಟಸ್ವಾಮಿ ತಾನೂ ಬರುತ್ತೇನೆ ಅಂದರೆ ಬೇಡವೆಂದಿದ್ದಳು. ಸತ್ತಿದ್ದರೆ ಒಬ್ಬಳೇ ಅತ್ತು ಬರಬಹುದು, ಅವನನ್ನು ಸಮಾಧಾನ ಮಾಡುವ ಕೆಲಸವೊಂದು ತಪ್ಪುತ್ತದೆ. ದಾರಿಯುದ್ದಕ್ಕೂ ಸಂತೋಷವೂ ಇಲ್ಲ, ಭಯವೂ ಇಲ್ಲ. ಎರಡಕ್ಕೂ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಇದೊಂದು ಮುಗಿದರೆ ಸಾಕು ಅನ್ನಿಸುತ್ತಿತ್ತು.

ಆಟೊದವನು ತೋರಿಸಿದ ಮನೆಯ ಜಗಲಿಯ ಮೇಲೆ ಒಬ್ಬ ಹೆಂಗಸು ಹತ್ತಿ ಗುಡ್ಡೆ ಹಾಕಿಕೊಂಡು ಕಸ ಆರಿಸುತ್ತಾ ಕೂತಿದ್ದಳು. ಅವಳಿ ಎಂದರೆ ಒಂದೇ ಅಚ್ಚು ಇರಬಹುದೆಂದು ಸುನಂದಮ್ಮ ಒಳಗೊಳಗೇ ಅಂದುಕೊಂಡು ಬಂದಿದ್ದಳು. ಇವಳು ಕಪ್ಪಗೆ, ಉದ್ದಕ್ಕೆ, ಗಟ್ಟಿಮುಟ್ಟಾಗಿದ್ದಳು. ಮನೆ ತಪ್ಪಿರಬೇಕು ಎಂದುಕೊಂಡಳು.

"ಯಾರವ್ವ?" ಅಂದಳು ಆ ಹೆಂಗಸು.

"ಕೆ.ಆರ್. ನಗರದ ಕಡೆಯೋಳು. ವಿಮಲಮ್ಮೋರ ಮನೆ..."

"ನಾನೇ. ಏನಾಗಬೇಕಿತ್ತು?"

"ನಾನು ಬೆಟ್ಟದಪುರದ ಚಿಕ್ಕತಾಯಮ್ಮನ ಮಗಳು."

ವಿಮಲಮ್ಮನ ಕೈ ಹತ್ತಿಯೊಳಗೇ ನಿಂತಿತು. ಎದ್ದು ಬಂದು ತಬ್ಬಿಕೊಳ್ಳಲಿಲ್ಲ. ಬಂದವಳ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ, "ಯಾರು ಸತ್ರು?" ಎಂದು ಕೇಳಿದಳು.

"ಅವ್ವ."

"ಯಾವಾಗ?"

"ಓದ್ ವರ್ಸ, ಆಸಾಡದಲ್ಲಿ."

"ಒಂದ್ ಮಾತು ಏಳ್ಕಳಿಸ್ಲಿಲ್ಲವಲ್ಲ ನೀವು."

"ನೀನಿದ್ದೀಯ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ ಕಣವ್ವ" ಎಂದಳು ಸುನಂದಮ್ಮ. ಅಷ್ಟು ಹೇಳಿ, ಯಾರೂ ಕೂರು ಅನ್ನದಿದ್ದರೂ ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು. ಬದುಕಿದ್ದಾಳೆ. ಎಡೆ ಇಡುವ ಹಾಗಿಲ್ಲ. ಬಂದ ಕೆಲಸ ಅಷ್ಟೇ ಆಗಿತ್ತು, ಮುಗಿಯಿತು. ಮುಗಿದ ಮೇಲೆ ಏನು ಮಾಡಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ.

ಸೊಸೆ ಪವಿತ್ರಾ ನೀರು ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದಳು. ವಿಮಲಮ್ಮ ಹತ್ತಿಯನ್ನು ನೋಡಿಕೊಂಡೇ ಮಾತಾಡಿದಳು. ಮದುವೆ ಗೊತ್ತಾದಾಗ ಸಾಕಿದ ತಾಯಿಯೇ ಕೂರಿಸಿಕೊಂಡು ಎಲ್ಲ ಹೇಳಿದ್ದಳಂತೆ. ಎರಡು ಕೂಸಿಗೆ ಚಿಕ್ಕತಾಯಮ್ಮನ ಎದೆಹಾಲು ಸಾಲದೆ, ಎರಡೂ ಸಾಯುವ ಹಾಗಾಗಿತ್ತಂತೆ. ದೂರದ ನಂಟರಾದ ಇವರಿಗೆ ಮಕ್ಕಳಿರಲಿಲ್ಲ, ಮನೆ ತುಂಬ ಹಾಲಿತ್ತು. ಆದರೆ ಮಗು ಎರಡು ಮನೆಗೆ ಹಂಚಿಹೋಗಬಾರದು, ನಾಳೆ ಹೆತ್ತವಳು ಬಂದು ಕೇಳಬಾರದು, ಇದರ ಸುದ್ದಿ ಯಾರೊಂದಿಗೂ ಆಡಬಾರದು ಎಂದು ಚಿಕ್ಕತಾಯಮ್ಮನ ಕೈಯನ್ನು ಬೆಟ್ಟದ ದೇವರ ಕಡೆ ಚಾಚಿಸಿ ಆಣೆ ಮಾಡಿಸಿಕೊಂಡೇ ಕೂಸನ್ನು ಎತ್ತಿಕೊಂಡದ್ದು. ಬಾಣಂತಿ ಆಣೆ ಮಾಡಿದಳು. ಊರಿಗೆ, ಒಂದು ಕೂಸು ಹೋಯಿತು ಅಂದರು.

"ಒಂದ್ ಸಲ ನಾನೇ ಹುಣಸೂರ್ ಬಸ್‌ಸ್ಟ್ಯಾಂಡ್‌ಗಂಟ ಬಂದಿದ್ದೆ" ಎಂದಳು ವಿಮಲಮ್ಮ. "ಕರೀದ್ ಮನೆಗೆ ಏನಂತ ಓಗಾದು ಅಂತ ವಾಪಸ್ ಬಸ್ ಅತ್ತುಬುಟ್ಟೆ. ಎತ್ತವ್ವಂಗೆ ಬೇಕಿದ್ರೆ ಅವ್ಳೇ ಬತ್ತಾಳೆ ಅನ್ಕೊಂಡೆ. ಬರ್ಲಿಲ್ಲ."

ಸುನಂದಮ್ಮ ತಾನೂ ಒಂದು ಹಿಡಿ ಹತ್ತಿ ಎಳೆದುಕೊಂಡು ಕಸ ಆರಿಸತೊಡಗಿದಳು.

"ನನ್ ಸುದ್ದಿ ಯಾವತ್ತಾದ್ರೂ ಎತ್ತಿದ್ಲಾ?"

ಒಂದು ಸಣ್ಣ ಸುಳ್ಳು ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಸುನಂದಮ್ಮನಿಗೆ ಸುಳ್ಳು ಕಟ್ಟುವಷ್ಟು ತ್ರಾಣವಿರಲಿಲ್ಲ. "ಇಲ್ಲ" ಎಂದಳು.

"ಸಾಯಾಗಲೂ?"

"ಸಾಯಾಗಲೂ ಇಲ್ಲ."

ವಿಮಲಮ್ಮ ತಲೆಯಾಡಿಸಿದಳು, ಗೊತ್ತಿದ್ದುದನ್ನೇ ಕೇಳಿದವಳ ಹಾಗೆ. ಅವಳ ಮುಖ ಬಿಗಿಯಿತು. "ಊರಿಗೆಲ್ಲ ನಾನ್ ಸತ್ತೆ ಅಂತ ಏಳಿದ್ರಲ್ಲ. ಅಂಗಾದ್ರೆ ಪಕ್ಸದಲ್ಲಿ ನಂಗೂ ಎಡೆ ಮಡಗ್ತಿದ್ರಾ? ಗಂಡ ಮಕ್ಕಳ ಜೊತೆ ನಾನ್ ಬದುಕಿರಬೇಕಾದ್ರೇನೇ?"

"ಇಲ್ಲ ಕಣವ್ವ, ಇಲ್ಲ." ಸುನಂದಮ್ಮ ಅವಳ ಕೈ ಹಿಡಿದುಕೊಂಡಳು. "ಅತ್ತೆ ಮಾವಂಗೆ ಮಡಗುದ್ಲು, ಸತ್ತ ಕೂಸಿಗೆ ಮಡಗುದ್ಲು, ಆಳು ಕುಳ್ಳಯ್ಯಂಗೂ ಮಡಗುದ್ಲು. ನಿಂಗೆ ಮಾತ್ರ ಒಂದ್ ವರ್ಸಾನೂ ಮಡಗ್ಲಿಲ್ಲ. ಊರ್ನೋರು ಕೇಳುದ್ರೂ ಮಡಗ್ಲಿಲ್ಲ, ನಾನ್ ಕೇಳುದ್ರೂ ಮಡಗ್ಲಿಲ್ಲ. ಬೈದ್ಲು ನನ್ನ."

ವಿಮಲಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಅವಳ ಹೆಗಲು ಅಲುಗತೊಡಗಿತು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದವಳು ಬಾಯಿ ಬಿಡದೆಯೇ, ನನ್ನ ಮಗಳು ಬದುಕಿದ್ದಾಳೆ ಎಂದು ಪ್ರತಿ ವರ್ಷವೂ ಹೇಳಿದ್ದಳು. ಕೇಳಬೇಕಾದವಳಿಗೆ ಅದು ಕೇಳಿಸಿದ್ದು ಈಗ. ಸುನಂದಮ್ಮನಿಗೂ ಅಳು ಬಂತು. ಅವ್ವ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಆಗ ಕೆಲಸ ತುಂಬ ಇತ್ತು.

ಪವಿತ್ರಾ ತಂದಿಟ್ಟ ಕಾಫಿ ಆರಿಹೋಯಿತು. ಅಕ್ಕ ಯಾರು, ತಂಗಿ ಯಾರು ಎಂದು ವಿಮಲಮ್ಮ ಕೇಳಿದಳು. ಹೇಳುವವರು ಯಾರೂ ಉಳಿದಿರಲಿಲ್ಲ.

"ಅಮಾಸೆ ದಿನ ಅವ್ವಂಗೆ ಮೊದಲ್ನೇ ಎಡೆ" ಎಂದಳು ಸುನಂದಮ್ಮ. "ಬಾ."

"ನಾನ್ ಬರ್ಬೋದಾ? ಬೇರೆ ಮನೆಗೆ ಕೊಟ್ಟ ಕೂಸು. ನಿಮ್ಮೋರು ಒಪ್ತಾರಾ?"

"ನಮ್ಮನೇರು ಏನೂ ಅನ್ನಲ್ಲ. ಎಡೆಗೆ ಸೀರೆ ನಾನಿನ್ನೂ ತಂದಿಲ್ಲ. ನೀನೇ ತಗೊಂಡ್ ಬಾ."

ವಿಮಲಮ್ಮ ಕಣ್ಣು ಒರೆಸಿಕೊಂಡಳು. ಆಗಲಿ ಎನ್ನುವುದಕ್ಕೆ ಹೋದವಳು ತಡೆದಳು. "ಅವ್ವಂಗೆ ಯಾವ ಬಣ್ಣ ಇಷ್ಟ ಆಯ್ತಿತ್ತು?" ಎಂದು ಕೇಳಿದಳು.

"ಅಸ್ರು. ಅಂಚು ಕೆಂಪಿರಬೇಕು. ದಪ್ಪ ನೂಲಿಂದು ಉಡ್ತಿರ್ಲಿಲ್ಲ, ಚುಚ್ತದೆ ಅನ್ನೋಳು."

"ತಿನ್ನಾಕೆ?"

"ಬದ್ನೆಕಾಯಿ ಎಣ್ಣೆಗಾಯಿ ಅಂದ್ರೆ ಪ್ರಾಣ. ಉಳ್ಳಿಕಾಳ್ ಬಸ್ಸಾರು. ಕಾಪಿಗೆ ಕೈತುಂಬ ಸಕ್ರೆ. ಬೆಳ್ಳುಳ್ಳಿ ಮಾತ್ರ ಮೂಸ್ತಾನೂ ಇರ್ಲಿಲ್ಲ."

"ನಾನೂ ಬೆಳ್ಳುಳ್ಳಿ ತಿನ್ನಲ್ಲ" ಎಂದಳು ವಿಮಲಮ್ಮ, ಮೆಲ್ಲಗೆ.

ಹ್ಯಾಂಡ್‌ಪೋಸ್ಟ್‌ಗೆ ವಾಪಸ್ ಬಿಡಲು ಆಟೊದವನು ಬಂದು ಹಾರನ್ ಹೊಡೆದ. ಸುನಂದಮ್ಮ ಏಳಲು ನೋಡಿದಳು. ವಿಮಲಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದಳು. "ಇರು, ನಾಳೆ ಓಗೀವಂತೆ. ಇನ್ನೇನೇನ್ ತಿಂತಿದ್ಲು, ಏಳು."